ಮಾನಸಿಕ ಕಾಯಿಲೆಯಿರುವವರಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರು: ಮಂಗಳೂರು, ಉಡುಪಿಯಲ್ಲಿ ಅರ್ಜಿ ಹಾಕುವ ಬಗೆ

ಮಾನಸಿಕ ಕಾಯಿಲೆಯಿರುವ ವ್ಯಕ್ತಿಗೆ ತನ್ನ ಹಕ್ಕು ಉಳಿಸಿಕೊಳ್ಳಲು ವಕೀಲರು ಬೇಕಾದಾಗ ಅವರ ಶುಲ್ಕ, ಕೋರ್ಟ್ ಶುಲ್ಕ, ದಾಖಲೆಗಳ ದೃಢೀಕೃತ ಪ್ರತಿಯ ಖರ್ಚು ಇವೆಲ್ಲವನ್ನೂ ಸರ್ಕಾರದ ಕಾನೂನು ನೆರವು ನಿಧಿಯೇ ಭರಿಸುತ್ತದೆ. ಇದನ್ನು ಎರಡು ಕಾಯ್ದೆಗಳು ಸ್ಪಷ್ಟವಾಗಿ ಹೇಳಿವೆ. ಹಾಗಿದ್ದರೂ ನಮ್ಮ ಕರಾವಳಿಯಲ್ಲಿ ಈ ನೆರವನ್ನು ಕೇಳಿ ಪಡೆಯುವ ಕುಟುಂಬಗಳು ಕಡಿಮೆ ಎಂಬುದು, ತಮ್ಮನೊಬ್ಬನಿಗೆ ಸ್ಕಿಝೋಫ್ರೇನಿಯಾ ಇರುವ ಮನೆಯವಳಾಗಿ ಮತ್ತು ಆ ಬಳಿಕ ಕೆಲವು ವರ್ಷ ಅರೆ ಕಾನೂನು ಸ್ವಯಂಸೇವಕಿಯಾಗಿ (ಕಾನೂನು ನೆರವು ಪಡೆಯಲು ಜನರಿಗೆ ಸಹಾಯ ಮಾಡುವವಳಾಗಿ) ನಾನು ಕಂಡ ಸಂಗತಿ. ಅರ್ಜಿ ಎಲ್ಲಿ, ಹೇಗೆ ಹಾಕಬೇಕು, ಯಾವ ಮಾತಿಗೆ ಹಿಂದೆ ಸರಿಯಬಾರದು, ಯಾವ ಕಾಗದವನ್ನು ಬಿಡದೆ ಇಟ್ಟುಕೊಳ್ಳಬೇಕು ಎಂಬುದನ್ನು ನನಗೆ ತಿಳಿದಷ್ಟು ಇಲ್ಲಿ ಬರೆದಿದ್ದೇನೆ.

ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ತಿಳಿದುಕೊಂಡರೆ ಕೇಳುವಾಗ ಸಂಕೋಚ ಇರುವುದಿಲ್ಲ. 1976ರ 42ನೇ ತಿದ್ದುಪಡಿಯಲ್ಲಿ ಸಂವಿಧಾನಕ್ಕೆ ಸೇರಿದ 39ಎ ವಿಧಿಯು ಬಡತನ ಅಥವಾ ಬೇರಾವುದೇ ಅಸಾಮರ್ಥ್ಯದ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದೆಂದು ರಾಜ್ಯಕ್ಕೆ ವಿಧಿಸಿತು. ಅದರಂತೆ ಬಂದ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1995ರ ನವೆಂಬರ್ 9ರಂದು ಜಾರಿಯಾಯಿತು. ರಾಷ್ಟ್ರ, ರಾಜ್ಯ, ಜಿಲ್ಲೆ ಎಂಬ ಮೂರು ಹಂತಗಳಲ್ಲೂ ಕಾನೂನು ನೆರವು ನಿಧಿ ಇರಬೇಕೆಂದು ಅದರ 15, 16 ಮತ್ತು 17ನೇ ಕಲಂಗಳು ಹೇಳುತ್ತವೆ. ಅಮೆರಿಕದಲ್ಲಿ 1986ರ ಒಂದು ಕಾಯ್ದೆಯಿಂದಾಗಿ ಮಾನಸಿಕ ಕಾಯಿಲೆಯಿರುವವರ ಪರವಾಗಿ ವಾದಿಸುವುದಕ್ಕೆಂದು ಪ್ರತಿ ರಾಜ್ಯದ ಅಂಗವಿಕಲರ ಹಕ್ಕು ರಕ್ಷಣಾ ಸಂಸ್ಥೆಗೆ ಕೇಂದ್ರ ಸರ್ಕಾರದ ಅನುದಾನ ಸಿಗುತ್ತದೆ. ನಮ್ಮಲ್ಲಿ ಈ ಕೆಲಸ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಹೆಗಲ ಮೇಲಿದೆ. ಹಣ ಬರುವುದು ಎಲ್ಲ ಅರ್ಹರಿಗೂ ಇರುವ ಆ ನಿಧಿಯಿಂದಲೇ. ಅದೇ ಬಾಗಿಲಿಗೆ ನೂರಾರು ಬಗೆಯ ವ್ಯಾಜ್ಯಗಳು ಬರುವುದರಿಂದ, ನಮ್ಮ ಅರ್ಜಿ ಯಾವ ಕಲಂನಡಿ ಬಂದಿದೆ ಎಂಬುದನ್ನು ನಾವೇ ಸ್ಪಷ್ಟವಾಗಿ ಬರೆದು ಕೊಡುವುದು ಒಳ್ಳೆಯದು.

ಬರೆಯಬೇಕಾದ ಕಲಂಗಳು ಹೆಚ್ಚಿಲ್ಲ. 1987ರ ಕಾಯ್ದೆಯ 12ನೇ ಕಲಂನ ಡಿ ಉಪಖಂಡ ಅಂಗವೈಕಲ್ಯ ಇರುವವರಿಗೆ ಸಂಬಂಧಿಸಿದ್ದು; ಅಂಗವೈಕಲ್ಯದಲ್ಲಿ ಮಾನಸಿಕ ಕಾಯಿಲೆಯೂ ಸೇರುತ್ತದೆ. ಅದೇ ಕಲಂನ ಜಿ ಉಪಖಂಡವು ಮನೋರೋಗ ಆಸ್ಪತ್ರೆಯ ಸುಪರ್ದಿನಲ್ಲಿರುವವರನ್ನು ಹೆಸರಿಸುತ್ತದೆ. ಮಹಿಳೆ ಅಥವಾ ಮಗುವಾದರೆ ಸಿ ಉಪಖಂಡದಲ್ಲೇ ಅರ್ಹತೆಯಿದೆ. ಇವೆಲ್ಲಕ್ಕಿಂತ ಗಟ್ಟಿಯಾದದ್ದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 27ನೇ ಕಲಂ: ಆ ಕಾಯ್ದೆ ಕೊಟ್ಟಿರುವ ಯಾವುದೇ ಹಕ್ಕನ್ನು ಚಲಾಯಿಸಲು ಮಾನಸಿಕ ಕಾಯಿಲೆಯಿರುವ ವ್ಯಕ್ತಿ ಉಚಿತ ಕಾನೂನು ಸೇವೆಗೆ ಅರ್ಹ. ಇಷ್ಟೇ ಅಲ್ಲದೆ, ಈ ಅರ್ಹತೆ ಇದೆ ಎಂದು ಆ ವ್ಯಕ್ತಿಗೆ ತಿಳಿಸುವುದು ಮ್ಯಾಜಿಸ್ಟ್ರೇಟರ, ಪೊಲೀಸ್ ಅಧಿಕಾರಿಯ, ಬಂಧನ ಸ್ಥಳದ ಹೊಣೆ ಹೊತ್ತವರ ಮತ್ತು ಆಸ್ಪತ್ರೆಯ ಹೊಣೆಯಿರುವ ವೈದ್ಯರ ಕರ್ತವ್ಯ ಎಂದೂ ಅದೇ ಕಲಂ ಹೇಳುತ್ತದೆ.

ಈ ಉಪಖಂಡಗಳಿಗೆ ಆದಾಯದ ಮಿತಿ ಅನ್ವಯಿಸುವುದಿಲ್ಲ. ಇದನ್ನು ಒತ್ತಿ ಹೇಳಲು ನನಗೆ ಕಾರಣವಿದೆ. ತಮ್ಮನ ಆಸ್ತಿ ಪಾಲಿನ ವ್ಯಾಜ್ಯಕ್ಕೆ ನಾವು ಮೊದಲ ಸಲ ನೆರವು ಕೇಳಲು ಹೋದಾಗ ಕಿಟಕಿಯಲ್ಲಿದ್ದವರು ಆದಾಯ ಪ್ರಮಾಣಪತ್ರ ತನ್ನಿ ಎಂದು ಕಳುಹಿಸಿದರು. ನಾಡಕಚೇರಿಗೆ ನಾಲ್ಕು ಸಲ ಅಲೆದು, ತಂದೆಯ ಹೆಸರಿನಲ್ಲಿದ್ದ ಅಡಿಕೆ ತೋಟದ ಆದಾಯ ತಮ್ಮನ ಆದಾಯವಾಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಸಿಗದೆ, ಒಂದು ತಿಂಗಳು ಹಾಳಾಯಿತು. ಆ ಒಂದು ತಿಂಗಳಿನಲ್ಲಿ ಎದುರು ಪಕ್ಷದವರು ಜಾಗವನ್ನು ಇನ್ನೊಬ್ಬರಿಗೆ ಮಾರುವ ಮಾತುಕತೆ ಮುಗಿಸಿದ್ದರು. ನಿಮ್ಮನ್ನೂ ಹಾಗೆ ಕೇಳಿದರೆ, 12ನೇ ಕಲಂನ ಡಿ ಉಪಖಂಡದಡಿ ಅರ್ಜಿ ಹಾಕುತ್ತಿದ್ದೇವೆ, ಆದಾಯದ ಪ್ರಶ್ನೆ ಬರುವುದಿಲ್ಲ ಎಂದು ಶಾಂತವಾಗಿ ಹೇಳಿ, ಅರ್ಜಿಯನ್ನು ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೇ ಬನ್ನಿ.

ಕಕ್ಷಿದಾರರು ಯಾರು?

ಈ ಬರಹದಲ್ಲಿ ಒಂದೇ ಮಾತು ನೆನಪಿನಲ್ಲಿ ಉಳಿಯುವುದಾದರೆ ಅದು ಇದಾಗಲಿ: ಸರ್ಕಾರ ಕೊಡುವ ಈ ವಕೀಲರು ಕಾಯಿಲೆಯಿರುವವರ ವಕೀಲರು, ಮನೆಯವರ ವಕೀಲರಲ್ಲ. ಅಮ್ಮ, ಅಣ್ಣ, ಗಂಡ ಯಾರೇ ಕೈಹಿಡಿದು ಕರೆದುಕೊಂಡು ಬಂದಿರಲಿ, ವಕೀಲರು ಅಭಿಪ್ರಾಯ ಕೇಳಬೇಕಾದದ್ದು ಆ ವ್ಯಕ್ತಿಯನ್ನೇ. ಮನೆಯವರ ಹಿತವೂ ಅವರ ಹಿತವೂ ಹೆಚ್ಚಿನ ಸಂದರ್ಭಗಳಲ್ಲಿ ಒಂದೇ ಆಗಿರುತ್ತದೆ, ನಿಜ. ಆದರೆ ಆಸ್ತಿ ಪಾಲಾಗುವಾಗ, ಮದುವೆ ಮುರಿಯುವಾಗ, ಆಸ್ಪತ್ರೆಯಿಂದ ಮನೆಗೆ ಕರೆತರುವುದೋ ಬೇಡವೋ ಎಂಬ ಮಾತು ಬಂದಾಗ ಅವೆರಡೂ ಬೇರೆಬೇರೆ ದಾರಿ ಹಿಡಿಯಬಹುದು.

ಕಾನೂನೂ ಇದನ್ನೇ ಹೇಳುತ್ತದೆ. ನ್ಯಾಯಾಲಯ ಘೋಷಿಸದ ಹೊರತು, ಮಾನಸಿಕ ಕಾಯಿಲೆ ಇದೆ ಎಂಬ ಒಂದೇ ಕಾರಣಕ್ಕೆ ವ್ಯಕ್ತಿ ಬುದ್ಧಿಸ್ವಾಧೀನ ಕಳೆದುಕೊಂಡವರೆಂದು ತಿಳಿಯುವಂತಿಲ್ಲ ಎಂಬುದು 2017ರ ಕಾಯ್ದೆಯ 3ನೇ ಕಲಂನಲ್ಲಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 13ನೇ ಕಲಂ ಅವರಿಗೆ ಇತರರಂತೆ ಕಾನೂನುಬದ್ಧ ಸಾಮರ್ಥ್ಯ ಇದೆಯೆನ್ನುತ್ತದೆ. ಆದ್ದರಿಂದ ವಕಾಲತ್ತಿಗೆ ಸಹಿ ಹಾಕುವ ಶಕ್ತಿ ಅವರಿಗಿದ್ದರೆ ಅವರೇ ಹಾಕಲಿ. ನನ್ನ ತಮ್ಮ ವಕಾಲತ್ತಿನ ಮೇಲೆ ತನ್ನ ಹೆಸರು ಬರೆಯಲು ಬಹಳ ಹೊತ್ತು ತೆಗೆದುಕೊಂಡ. ಔಷಧಿಯಿಂದ ಕೈ ನಡುಗುತ್ತಿತ್ತು. ಎರಡನೇ ಅಕ್ಷರದಲ್ಲಿ ನಿಂತ, ಪೆನ್ನು ಕೆಳಗಿಟ್ಟು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ, ಮತ್ತೆ ಹಿಡಿದ. ಅವನ ಪ್ಯಾನೆಲ್ ವಕೀಲೆ, ಅಂದರೆ ಪ್ರಾಧಿಕಾರದ ಪಟ್ಟಿಯಿಂದ ನೇಮಕವಾದ ವಕೀಲೆ, ಕಾಗದವನ್ನು ನನ್ನ ಕಡೆಗೆ ತಿರುಗಿಸದೆ ಕಾದರು. ಅಂಥ ವಕೀಲರು ಸಿಕ್ಕರೆ ಅರ್ಧ ಕೆಲಸ ಆದಂತೆ.

ವ್ಯಕ್ತಿಯ ಸ್ಥಿತಿ ದಾವೆ ನಡೆಸಲಾಗದಷ್ಟು ತೀವ್ರವಾಗಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆದೇಶದಡಿ ಇನ್ನೊಬ್ಬರು ಅವರ ಪರವಾಗಿ ದಾವೆ ಹೂಡಬಹುದು. ಇಲ್ಲೊಂದು ಗೊಂದಲ ಪದೇ ಪದೇ ಕಾಣುತ್ತದೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಯವರ ಸಮಿತಿ ಪೋಷಕತ್ವ ಕೊಡುವುದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗೆ. ಸ್ಕಿಝೋಫ್ರೇನಿಯಾ, ಬೈಪೋಲಾರ್ ಮುಂತಾದ ಕಾಯಿಲೆಗಳಿಗೆ ಆ ದಾರಿ ಇಲ್ಲ. ಅವರಿಗೆ 2016ರ ಕಾಯ್ದೆಯ 14ನೇ ಕಲಂನ ಸೀಮಿತ ಪೋಷಕತ್ವ ಇದೆ. ಅಲ್ಲಿಯೂ ನಿರ್ಧಾರವನ್ನು ಆ ವ್ಯಕ್ತಿಯೊಂದಿಗೆ ಸಮಾಲೋಚಿಸಿಯೇ ಮಾಡಬೇಕು.

ಅರ್ಜಿ ಕೊಡುವುದು

ಎರಡೂ ಜಿಲ್ಲೆಗಳಲ್ಲಿ ಪ್ರಾಧಿಕಾರದ ಕಚೇರಿ ಜಿಲ್ಲಾ ನ್ಯಾಯಾಲಯದ ಸಂಕೀರ್ಣದಲ್ಲಿದೆ. ಉಡುಪಿಯವರು ಸರ್ಕಾರಿ ಕೆಲಸವೆಂದರೆ ಮಣಿಪಾಲದ ಜಿಲ್ಲಾ ಕಚೇರಿಗಳ ಸಂಕೀರ್ಣ ರಜತಾದ್ರಿಗೆ ಹೋಗುವ ರೂಢಿಯಲ್ಲಿ ಅಲ್ಲಿಗೇ ಹೋಗಿ ವಿಚಾರಿಸುವುದುಂಟು. ಈ ಕಚೇರಿ ಅಲ್ಲಿಲ್ಲ, ಕೋರ್ಟಿನಲ್ಲಿದೆ. ಪುತ್ತೂರು, ಬಂಟ್ವಾಳ, ಬೆಳ್ತಂಗಡಿ, ಸುಳ್ಯ, ಕುಂದಾಪುರ, ಕಾರ್ಕಳದ ಕಡೆಯವರು ತಮ್ಮ ತಾಲ್ಲೂಕಿನ ನ್ಯಾಯಾಲಯದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲೇ ಅರ್ಜಿ ಕೊಡಬಹುದು. ಮನೆಯಿಂದ ಹೊರಡುವುದೇ ಕಷ್ಟವೆಂದಾದರೆ 15100 ಎಂಬ ರಾಷ್ಟ್ರೀಯ ಕಾನೂನು ನೆರವು ಸಂಖ್ಯೆಗೆ ಕರೆ ಮಾಡಬಹುದು. ಜಿಲ್ಲಾ ಪ್ರಾಧಿಕಾರಕ್ಕೆ ಪ್ರಧಾನ ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರು. ದಿನನಿತ್ಯದ ಕೆಲಸ ನೋಡುವುದು ನ್ಯಾಯಾಧೀಶರ ದರ್ಜೆಯ ಸದಸ್ಯ ಕಾರ್ಯದರ್ಶಿ. ಅರ್ಜಿಯನ್ನು ಅವರ ಹೆಸರಿಗೆ ಬರೆಯಿರಿ.

ಓದುಬರಹ ಬಾರದವರು ಬಾಯಿಮಾತಿನಲ್ಲೇ ಹೇಳಬಹುದು. ತುಳುವಿನಲ್ಲೋ ಬ್ಯಾರಿಯಲ್ಲೋ ಕೊಂಕಣಿಯಲ್ಲೋ ಹೇಳಿದ್ದನ್ನು ಸ್ವಯಂಸೇವಕರು ಕನ್ನಡದಲ್ಲಿ ಬರೆದುಕೊಳ್ಳುತ್ತಾರೆ. ನೀವೇ ಬರೆಯುವುದಾದರೆ ಒಂದು ಹಾಳೆ ಸಾಕು. ಮನೆತನದ ಇತಿಹಾಸವೆಲ್ಲ ಬೇಡ. ನಾನು ಬರೆದುಕೊಡುವ ಮಾದರಿ ಹೀಗಿರುತ್ತದೆ: "ನಾನು ಇಷ್ಟು ವರ್ಷದಿಂದ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿದ್ದೇನೆ. ಇಂಥ ದಿನ ಇಂಥ ಕಚೇರಿಯಲ್ಲಿ ನನ್ನಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಪಡೆಯಲಾಗಿದೆ. ಅದನ್ನು ಪ್ರಶ್ನಿಸಿ ದಾವೆ ಹೂಡಲು 1987ರ ಕಾಯ್ದೆಯ 12ನೇ ಕಲಂನ ಡಿ ಉಪಖಂಡದಡಿ ನನಗೆ ವಕೀಲರನ್ನು ನೇಮಿಸಿಕೊಡಬೇಕೆಂದು ಕೋರುತ್ತೇನೆ. ಜಾಗ ಪರಭಾರೆಯಾಗುವ ಸಂಭವವಿರುವುದರಿಂದ ವಿಷಯ ತುರ್ತಾಗಿದೆ." ಕೊನೆಯ ಆ ತುರ್ತಿನ ವಾಕ್ಯವನ್ನು, ನಿಜವಾಗಿದ್ದಲ್ಲಿ, ಮರೆಯದೆ ಸೇರಿಸಿ.

ಲಗತ್ತಿಸಲು ಆಧಾರ್ ಪ್ರತಿ ಮತ್ತು ಚಿಕಿತ್ಸೆಯ ದಾಖಲೆ ಇರಲಿ. ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಇದ್ದರೆ ಒಳ್ಳೆಯದು. ಇಲ್ಲವೆಂದು ಅರ್ಜಿಯನ್ನು ಮುಂದೂಡಬೇಡಿ. ಮಂಗಳೂರಿನ ಸರ್ಕಾರಿ ಜಿಲ್ಲಾ ಆಸ್ಪತ್ರೆ ವೆನ್ಲಾಕ್‌ನ ಹೊರರೋಗಿ ಚೀಟಿ, ತಾಲ್ಲೂಕು ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ಬರೆದುಕೊಟ್ಟ ಔಷಧಿ ಚೀಟಿ, ಖಾಸಗಿ ಆಸ್ಪತ್ರೆಯ ಡಿಸ್‌ಚಾರ್ಜ್ ಸಮ್ಮರಿ ಇವುಗಳಲ್ಲಿ ಯಾವುದಿದ್ದರೂ ಆರಂಭಕ್ಕೆ ಸಾಕು. ಹಳೆಯ ದಾಖಲೆ ಕಳೆದುಹೋಗಿದ್ದರೆ, ತನ್ನ ವೈದ್ಯಕೀಯ ದಾಖಲೆಯನ್ನು ಪಡೆಯುವ ಹಕ್ಕು 2017ರ ಕಾಯ್ದೆಯ 25ನೇ ಕಲಂನಲ್ಲಿದೆ ಎಂದು ಆಸ್ಪತ್ರೆಗೆ ಲಿಖಿತವಾಗಿ ಕೇಳಿ.

ಅರ್ಜಿಯ ಮೇಲೆ ಏಳು ದಿನಗಳೊಳಗೆ ತೀರ್ಮಾನ ಆಗಬೇಕೆಂದು ರಾಷ್ಟ್ರೀಯ ಪ್ರಾಧಿಕಾರದ 2010ರ ನಿಯಮಾವಳಿ ಹೇಳುತ್ತದೆ. ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆದು ಅಧ್ಯಕ್ಷರಿಗೆ ಮೇಲ್ಮನವಿ ಸಲ್ಲಿಸಬಹುದು. ವಕೀಲರು ನೇಮಕವಾದ ಮೇಲೆ ಅವರು ನಿಮ್ಮಿಂದ ಒಂದು ರೂಪಾಯಿಯನ್ನೂ ಕೇಳುವಂತಿಲ್ಲ, ಕೊಟ್ಟರೂ ತೆಗೆದುಕೊಳ್ಳುವಂತಿಲ್ಲ. ಟೈಪಿಂಗ್, ಅನುವಾದ, ಪ್ರತಿಗಳ ಖರ್ಚೂ ಪ್ರಾಧಿಕಾರದ್ದೇ. ವಕೀಲರು ಕರೆಗೆ ಸಿಗದಿದ್ದರೆ, ವಿಚಾರಣೆಗೆ ಬಾರದಿದ್ದರೆ, ಸದಸ್ಯ ಕಾರ್ಯದರ್ಶಿಗೆ ದಿನಾಂಕಗಳ ಸಮೇತ ಬರೆದು ಬೇರೆಯವರನ್ನು ಕೇಳಿ. ಉಚಿತವಾಗಿ ಸಿಕ್ಕಿದ್ದಕ್ಕೆ ದೂರು ಹೇಳುವುದು ಹೇಗೆ ಎಂದು ಅನೇಕರು ಸುಮ್ಮನಿರುತ್ತಾರೆ. ಸುಮ್ಮನಿದ್ದರೆ ದಾವೆ ವಜಾ ಆಗುತ್ತದೆ.

ಆಸ್ತಿ ಪಾಲಿನ ವಿಷಯ

ನಮ್ಮ ಎರಡು ಜಿಲ್ಲೆಗಳಲ್ಲಿ ನನ್ನ ಬಳಿ ಬಂದವರಲ್ಲಿ ಹೆಚ್ಚಿನವರ ದುಃಖ ಇದೇ. ತರವಾಡಿನ, ಅಂದರೆ ಕೂಡುಕುಟುಂಬದ, ಆಸ್ತಿಯಿರಲಿ, ಅಪ್ಪ ಮಾಡಿದ್ದ ಐದು ಸೆಂಟ್ಸ್ ಇರಲಿ, ಪಾಲಾಗುವಾಗ "ಅವನಿಗೆ ಯಾಕೆ, ನಾವೇ ನೋಡಿಕೊಳ್ಳುತ್ತೇವಲ್ಲ" ಎಂಬ ಮಾತು ಬರುತ್ತದೆ. ಹೇಳುವವರಲ್ಲಿ ಕೆಲವರು ನಿಜವಾಗಿಯೂ ನೋಡಿಕೊಳ್ಳುವವರೇ. ಆದರೆ ಅವರ ನಂತರ ಯಾರು?

ನಮ್ಮ ಮನೆಯಲ್ಲಿ ನಡೆದದ್ದು ಆಟಿ ತಿಂಗಳಲ್ಲಿ. ತಮ್ಮ ಆಸ್ಪತ್ರೆಯಿಂದ ಬಂದು ಎರಡು ವಾರವಾಗಿತ್ತು. ಸಂಬಂಧಿಕರು ಬೆಳಿಗ್ಗೆ ಕಾರಿನಲ್ಲಿ ಕರೆದುಕೊಂಡು ಹೋದರು. ಸಂಜೆ ಹೊಸ ಶರ್ಟು ತೊಟ್ಟು ಬಂದವನು, "ಅಕ್ಕ, ಚಾ ಕುಡಿಸಿದರು, ಫೋಟೊ ತೆಗೆದರು, ನಾಲ್ಕು ಕಡೆ ಸೈನ್ ಹಾಕಿದೆ" ಎಂದ. ಅದು ಹಕ್ಕು ಬಿಡುಗಡೆ ಪತ್ರವೆಂದು ನಮಗೆ ಗೊತ್ತಾದದ್ದು ಆರ್‌ಟಿಸಿಯಲ್ಲಿ ಅವನ ಹೆಸರು ಕಾಣದಿದ್ದಾಗ.

ಇಂಥ ಪತ್ರವನ್ನು ಪ್ರಶ್ನಿಸಲು ಸಾಧ್ಯವಿದೆ. ಕರಾರು ಕಾಯ್ದೆಯ 11 ಮತ್ತು 12ನೇ ಕಲಂಗಳ ಪ್ರಕಾರ, ತಾನು ಮಾಡುವ ವ್ಯವಹಾರವನ್ನು ಅರ್ಥಮಾಡಿಕೊಂಡು ತನ್ನ ಹಿತದ ಮೇಲೆ ಅದರ ಪರಿಣಾಮವೇನೆಂದು ತೂಗಿ ನೋಡುವ ಸ್ಥಿತಿಯಲ್ಲಿ ಆ ಹೊತ್ತಿಗೆ ವ್ಯಕ್ತಿ ಇದ್ದಿರಬೇಕು. ಪ್ರಶ್ನೆ ಇರುವುದು ಆ ಹೊತ್ತಿನ ಬಗ್ಗೆ. ಹತ್ತು ವರ್ಷದ ಕಾಯಿಲೆಯ ಕಡತಕ್ಕಿಂತ ನೋಂದಣಿಯಾದ ದಿನದ ಹಿಂದುಮುಂದಿನ ಕೆಲವು ವಾರಗಳ ಚೀಟಿಗಳು ಹೆಚ್ಚು ಬೆಲೆಬಾಳುತ್ತವೆ. ಕೇವಲ ಕಾಯಿಲೆಯಿದೆ ಎಂದು ವಾದಿಸಿದರೆ ಮೇಲೆ ಹೇಳಿದ 2017ರ ಕಾಯ್ದೆಯ 3ನೇ ಕಲಂ ನಮ್ಮ ವಾದಕ್ಕೇ ಅಡ್ಡ ಬರುತ್ತದೆ. ಅದು ಬರಬೇಕಾದದ್ದೇ, ಏಕೆಂದರೆ ನಾಳೆ ತಮ್ಮ ಗುಣಮುಖನಾಗಿ ತನ್ನ ಜಾಗ ತಾನೇ ಮಾರಲು ಹೊರಟರೆ ಅದೇ ಕಲಂ ಅವನನ್ನು ಕಾಯುತ್ತದೆ. ಸಮಯ ಮೀರಿತೆಂದು ಯಾರಾದರೂ ಹೇಳಿದರೆ ತಕ್ಷಣ ನಂಬಬೇಡಿ. ಕಾಲಮಿತಿ ಕಾಯ್ದೆಯ 6ನೇ ಕಲಂನಲ್ಲಿ ಇಂಥವರಿಗೆ ವಿನಾಯಿತಿಯಿದೆ, ಅದಕ್ಕೂ ಒಂದು ಕೊನೆಯಿದೆ. ಲೆಕ್ಕವನ್ನು ವಕೀಲರೇ ಹಾಕಲಿ.

ರಾಜಿಯ ಮಾತು ಬರುವುದು ಖಂಡಿತ. ಲೋಕ ಅದಾಲತ್‌ನಲ್ಲಿ ಮುಗಿಸಿಬಿಡಿ ಎಂಬ ಸಲಹೆ ನಾಲ್ಕು ಕಡೆಯಿಂದ ಬರುತ್ತದೆ, ಮತ್ತು ಅನೇಕ ಪ್ರಕರಣಗಳಲ್ಲಿ ಅದು ಒಳ್ಳೆಯ ಸಲಹೆಯೇ. ಆದರೆ ಲೋಕ ಅದಾಲತ್‌ನ ತೀರ್ಪು ಅಂತಿಮ. ಅದರ ಮೇಲೆ ಮೇಲ್ಮನವಿ ಇಲ್ಲ. ಕಾಯಿಲೆಯಿರುವವರ ಪರವಾಗಿ ಇನ್ನೊಬ್ಬರು ದಾವೆ ನಡೆಸುತ್ತಿದ್ದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆದೇಶದ 7ನೇ ನಿಯಮದಂತೆ ನ್ಯಾಯಾಲಯದ ಅನುಮತಿಯಿಲ್ಲದೆ ರಾಜಿ ಮಾಡಿಕೊಳ್ಳುವಂತಿಲ್ಲ. ಆ ಅನುಮತಿಯನ್ನು ಬರೇ ಶಾಸ್ತ್ರಕ್ಕೆಂದು ಮುಗಿಸಲು ಬಿಡಬೇಡಿ. ಪಾಲು ಅವರ ಹೆಸರಿನಲ್ಲೇ ಇರುತ್ತದೆಯೇ, ಮನೆಯಲ್ಲಿ ವಾಸಿಸುವ ಹಕ್ಕು ಬರಹದಲ್ಲಿ ಬಂದಿದೆಯೇ ಎಂದು ಓದಿ ನೋಡಿ. ನನ್ನ ತಮ್ಮನ ವ್ಯಾಜ್ಯವೂ ರಾಜಿಯಲ್ಲೇ ಮುಗಿಯಿತು. ಮೂರು ಸಲ ಕರಡು ತಿದ್ದಿಸಿದ ಮೇಲೆ.

ಆಸ್ಪತ್ರೆಯಲ್ಲಿದ್ದಾಗ

ಇಚ್ಛೆಗೆ ವಿರುದ್ಧವಾಗಿ ದಾಖಲಿಸಿದ್ದಾರೆ, ಬಿಡುಗಡೆ ಮಾಡುತ್ತಿಲ್ಲ, ಕಟ್ಟಿಹಾಕಿದ್ದಾರೆ, ಫೋನ್ ಕೊಡುತ್ತಿಲ್ಲ ಎಂಬಂಥ ದೂರುಗಳನ್ನು ಕೇಳುವುದು ಮಾನಸಿಕ ಆರೋಗ್ಯ ಪುನರ್‌ಪರಿಶೀಲನಾ ಮಂಡಳಿ. ಕಾಯಿಲೆಯಿರುವವರು, ಅವರ ನಾಮನಿರ್ದೇಶಿತ ಪ್ರತಿನಿಧಿ (ಚಿಕಿತ್ಸೆಯ ವಿಷಯದಲ್ಲಿ ಅವರ ಪರವಾಗಿ ನಿಲ್ಲುವವರು) ಅಥವಾ ಅವರ ಒಪ್ಪಿಗೆ ಪಡೆದ ನೋಂದಾಯಿತ ಸಂಸ್ಥೆ 2017ರ ಕಾಯ್ದೆಯ 77ನೇ ಕಲಂನಡಿ ಅರ್ಜಿ ಹಾಕಬಹುದು, ಶುಲ್ಕವಿಲ್ಲ. ಆ ಅರ್ಜಿ ಬರೆಯಲು, ಮಂಡಳಿಯ ಮುಂದೆ ಮಾತನಾಡಲು ವಕೀಲರು ಬೇಕೆಂದು ಕೇಳುವುದೂ 27ನೇ ಕಲಂನ ಹಕ್ಕೇ. ವಾರ್ಡಿನೊಳಗಿಂದಲೇ ಒಂದು ಚೀಟಿ ಬರೆದು ಕೊಟ್ಟರೆ ಅದನ್ನು ಪ್ರಾಧಿಕಾರಕ್ಕೆ ತಲುಪಿಸಬಹುದು.

ಗಮನಿಸಬೇಕಾದ ದಿನಗಳಿವೆ. 89ನೇ ಕಲಂನಡಿ, ಅಂದರೆ ಸ್ವತಃ ನಿರ್ಧರಿಸಲಾಗದ ಸ್ಥಿತಿಯಲ್ಲಿ ಪ್ರತಿನಿಧಿಯ ಕೋರಿಕೆಯಂತೆ ದಾಖಲಿಸಿದರೆ, ಅದು ಗರಿಷ್ಠ 30 ದಿನಗಳಿಗೆ. ಆ ದಾಖಲಾತಿಯನ್ನು ಆಸ್ಪತ್ರೆ ಮಂಡಳಿಗೆ ಏಳು ದಿನಗಳಲ್ಲಿ, ಮಹಿಳೆ ಅಥವಾ ಅಪ್ರಾಪ್ತರಾಗಿದ್ದರೆ ಮೂರು ದಿನಗಳಲ್ಲಿ ತಿಳಿಸಬೇಕು. ಸರಪಳಿಯಿಂದ ಕಟ್ಟುವುದನ್ನು 95ನೇ ಕಲಂ ಯಾವ ರೀತಿಯಲ್ಲೂ ಒಪ್ಪುವುದಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯ ದರ್ಗಾದ ಬಳಿ ಮಾನಸಿಕ ಕಾಯಿಲೆಯವರನ್ನು ಇರಿಸಿದ್ದ ಆಶ್ರಯತಾಣಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದವರು ಓಡಲಾಗದೆ ಸುಟ್ಟುಹೋದರು. ಹರಕೆ, ದರ್ಶನ, ಪ್ರಾರ್ಥನೆಗಳು ಮನೆಯವರಿಗೆ ಧೈರ್ಯ ಕೊಡುವುದನ್ನು ನಾನೂ ಬಲ್ಲೆ, ನಮ್ಮ ಅಮ್ಮನೂ ಹೇಳಿಕೊಂಡಿದ್ದಾಳೆ. ಆದರೆ ಯಾವ ಜಾಗದಲ್ಲೂ ಮನುಷ್ಯರನ್ನು ಕಟ್ಟಿಹಾಕಿದ್ದು ಕಂಡರೆ ಪ್ರಾಧಿಕಾರಕ್ಕೆ ತಿಳಿಸಲೇಬೇಕು.

ಆರೋಗ್ಯ ಸ್ಥಿರವಾಗಿರುವ ದಿನಗಳಲ್ಲಿ ನಾಮನಿರ್ದೇಶಿತ ಪ್ರತಿನಿಧಿಯ ಹೆಸರನ್ನು 14ನೇ ಕಲಂನಡಿ ಬರಹದಲ್ಲಿ ಕೊಟ್ಟಿಡುವುದು, ತನಗೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ ಎಂದು 5ನೇ ಕಲಂನಂತೆ ಮುಂಗಡ ನಿರ್ದೇಶನ ಬರೆದಿಡುವುದು ಒಳ್ಳೆಯದು. ಇವೆರಡನ್ನೂ ಬರೆಯಲು ಪ್ಯಾನೆಲ್ ವಕೀಲರ ನೆರವು ಕೇಳಬಹುದು. ವ್ಯಾಜ್ಯ ಹುಟ್ಟುವ ಮೊದಲೇ ಸಿಗುವ ಸಲಹೆಯೂ ಉಚಿತ ಸೇವೆಯ ಭಾಗವೇ.

ಬೀದಿಯಲ್ಲಿ, ಠಾಣೆಯಲ್ಲಿ

ಮಂಗಳೂರು ಸೆಂಟ್ರಲ್ ನಿಲ್ದಾಣದ ಹೊರಗೋ ಹೆದ್ದಾರಿಯ ಬದಿಯಲ್ಲೋ ಭಾಷೆ ತಿಳಿಯದ, ದಾರಿ ತಪ್ಪಿದ ಯಾರಾದರೂ ಕಂಡರೆ ಪೊಲೀಸರಿಗೆ ತಿಳಿಸಿ. 2017ರ ಕಾಯ್ದೆಯ 100ನೇ ಕಲಂ ಪ್ರಕಾರ ಅವರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಗಳೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು; ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತಿಲ್ಲ. ಮನೆಯೊಳಗೇ ಕೂಡಿಹಾಕಿ ಹಿಂಸಿಸುತ್ತಿದ್ದರೆ 101ನೇ ಕಲಂ ಇದೆ. ಕ್ರಿಮಿನಲ್ ಪ್ರಕರಣದಲ್ಲಿ ಆರೋಪಿಯಾಗಿದ್ದರೆ ಮೊದಲ ಹಾಜರಾತಿಯಲ್ಲೇ ಚಿಕಿತ್ಸೆಯ ಚೀಟಿಗಳನ್ನು ಕಾನೂನು ನೆರವು ವಕೀಲರ ಕೈಗೆ ಕೊಡಿ; ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 367ನೇ ಕಲಂನಿಂದ ಮುಂದಿನ ಕ್ರಮಗಳು ಅದರ ಮೇಲೆಯೇ ನಿಂತಿವೆ. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು 2017ರ ಕಾಯ್ದೆಯ 115ನೇ ಕಲಂ ಹೇಳುತ್ತದೆ. ಆ ಹೊತ್ತಿನಲ್ಲಿ ವಕೀಲರಿಗಿಂತ ಮೊದಲು ಬೇಕಾದದ್ದು 14416, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. ಅಲ್ಲಿ ಕನ್ನಡದಲ್ಲಿ ಮಾತನಾಡಬಹುದು.

ಮೇಲೆ ಹೇಳಿದ ಪುನರ್‌ಪರಿಶೀಲನಾ ಮಂಡಳಿಯ ಆದೇಶ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಬೇಕು. ನಮ್ಮ ಜಿಲ್ಲೆಗಳು ಬೆಂಗಳೂರಿನ ಪೀಠಕ್ಕೆ ಸೇರುತ್ತವೆ, ಮತ್ತು ಅಲ್ಲಿಯೂ ಹೈಕೋರ್ಟ್ ಕಾನೂನು ಸೇವಾ ಸಮಿತಿಯ ವಕೀಲರು ಸಿಗುತ್ತಾರೆ. ಅದಕ್ಕಾಗಿ ರಾತ್ರಿ ಬಸ್ಸು ಹಿಡಿಯುವ ಮೊದಲು ಆದೇಶದ ಪ್ರತಿ, ಮೊದಲಿನ ಅರ್ಜಿಯ ಸ್ವೀಕೃತಿ, ಚಿಕಿತ್ಸೆಯ ಚೀಟಿಗಳನ್ನೆಲ್ಲ ಒಂದು ಫೈಲಿನಲ್ಲಿ ದಿನಾಂಕದ ಕ್ರಮದಲ್ಲಿ ಜೋಡಿಸಿ ಜಿಲ್ಲಾ ಪ್ರಾಧಿಕಾರದಲ್ಲಿ ಕೊಟ್ಟು, ಹೈಕೋರ್ಟ್ ಸಮಿತಿಗೆ ಕಳುಹಿಸಿಕೊಡಿ ಎಂದು ಕೇಳಿ. ಮೂಲ ಪ್ರತಿಗಳನ್ನು ಮಾತ್ರ ನಿಮ್ಮ ಬಳಿಯೇ ಇಟ್ಟುಕೊಳ್ಳಿ.